ಮಾಸ್ತರರ ಮೌನ, ಸಾತವ್ವನ ಕವಣೆ

ಹದಿನಾಲ್ಕು ಚಳಿಗಾಲ ಹಕ್ಕಿಗಳನ್ನು ಬೈದು ಬೈದು ದೇವಣಗಾಂವದ ಸಾತವ್ವನ ಗಂಟಲು ಒಡೆದುಹೋಗಿತ್ತು. ಭೀಮೆಯ ದಂಡೆಯಲ್ಲಿ ಧೂಳಪ್ಪನ ಜೋಳದ ಹೊಲ. ಅದರ ನಡುವೆ ನಾಲ್ಕು ಗೂಟದ ಮಂಚಿಕೆ ಹತ್ತಿ, ತೆನೆಯಲ್ಲಿ ಹಾಲು ತುಂಬಿದಂದಿನಿಂದ ಕಾಳು ಗಟ್ಟಿಯಾಗುವ ತನಕ ಕವಣೆ ಬೀಸುವುದು ಅವಳ ಕೆಲಸ. ಬೆಳೆ ಉಳಿದರೆ ರಾಶಿಯಲ್ಲಿ ಅವಳಿಗೆ ಎರಡು ಚೀಲ ಜೋಳ. ಹಕ್ಕಿ ತಿಂದರೆ ಅದರಲ್ಲೇ ಕಡಿತ. ಸಾವಿರದ ಒಂಬೈನೂರ ಎಪ್ಪತ್ತೈದರ ಆ ವರ್ಷ ಮನೆಯಲ್ಲಿ ಮಗಳು ಬಾಣಂತಿ. ಆ ಎರಡು ಚೀಲವೇ ಮನೆಯವರ ರೊಟ್ಟಿ.

ಅಂಥ ಹೊತ್ತಿನಲ್ಲಿ ಸಿಂದಗಿಯಿಂದ ಗುರಣ್ಣ ಮಾಸ್ತರರು ಬಂದಿಳಿದರು. ಶಾಲೆಯಲ್ಲಿದ್ದಷ್ಟು ದಿನ, ಕಿಟಕಿಯಾಚೆ ನೋಡಿದ ಮಕ್ಕಳ ಬೆನ್ನಿಗೆ ಬಾರಿಸಿದ ಮನುಷ್ಯ. ಪಿಂಚಣಿ ಶುರುವಾದ ಮೇಲೆ ಅವರಿಗೆ ಗಿಡಮರಗಳಲ್ಲಿ ದೇವರು ಕಾಣತೊಡಗಿದ್ದ. ಕೂರಲು ಕಂಬಳಿ, ಕಿವಿಗೆ ಮಫ್ಲರು, ಥರ್ಮಾಸಿನ ತುಂಬ ಚಹಾ, ಇರುವೆ ಬಾರದಂತೆ ಸುತ್ತ ಉದುರಿಸಲು ಡಿಡಿಟಿ ಪುಡಿ. ಇಷ್ಟು ಸರಂಜಾಮು ಹೊತ್ತು ಅವರು ನಿಸರ್ಗದ ಮಡಿಲಿಗೆ ಬಂದಿದ್ದರು. ಬದುವಿನ ಬೇವಿನ ಬುಡದಲ್ಲಿ ಮೂರು ಮುಂಜಾನೆ ಮೌನಧ್ಯಾನ ಮಾಡುವುದಿತ್ತು. ಅದಕ್ಕೆ ಸಾತವ್ವನ ಬಾಯಿ ಅಡ್ಡಿಯಾಯಿತು.

ಧೂಳಪ್ಪ ಅವರ ಹಳೆಯ ವಿದ್ಯಾರ್ಥಿ. ನಲವತ್ತು ದಾಟಿದ್ದರೂ ಅವರ ಬೆತ್ತದ ಹೆದರಿಕೆ ಹೋಗಿರಲಿಲ್ಲ.

“ಸಾತವ್ವಕ್ಕ, ಮೂರು ದಿನ ಒದರಬ್ಯಾಡ. ಕವಣಿನೂ ಬ್ಯಾಡ. ಮಾಸ್ತರ್ರು ಧ್ಯಾನಕ್ಕ ಕುಂದರತಾರ,” ಎಂದ.

“ಹಕ್ಕಿ ತಿಂದ್ರ?”

ಉತ್ತರವನ್ನು ಮಾಸ್ತರರೇ ಕೊಟ್ಟರು. “ತಿನ್ನಲಿ ಬಿಡು. ಸೃಷ್ಟಿಯೊಳಗ ಎಲ್ಲಾರಿಗೂ ಪಾಲು ಐತಿ.”

“ಆ ಪಾಲು ನಿಮ್ಮ ಪಿಂಚಣಿಯೊಳಗಿಂದ ಕೊಡ್ತೀರೇನ್ರಿ?”

ಧೂಳಪ್ಪ ಗದರಿದ. ಸಾತವ್ವ ಮಂಚಿಕೆ ಹತ್ತಿ, ಕವಣೆಯನ್ನು ಮಡಿಲಲ್ಲಿಟ್ಟುಕೊಂಡು ಹಲ್ಲು ಕಚ್ಚಿ ಕುಳಿತಳು.

ಮೊದಲ ದಿನ ನಾಲ್ಕಾರು ಗಿಳಿ ಬಂದು ಹೋದವು. ಎರಡನೆಯ ದಿನ ಕಬ್ಬಕ್ಕಿಗಳ ಇಡೀ ಹಿಂಡೇ ಇಳಿಯಿತು. ಮಾಸ್ತರರು ಕಣ್ಣು ತೆರೆದರೆ ಎದುರಿಗೆ ತೆನೆತೆನೆಗೂ ಹಕ್ಕಿ. ಅವರ ಕಣ್ಣಲ್ಲಿ ನೀರು ಬಂತು.

“ನನ್ನ ಮೌನಕ್ಕ ಓಗೊಟ್ಟು ಬಂದಾವ, ಧೂಳಪ್ಪಾ!”

ತನ್ನದೇ ಜೋಳ ಖಾಲಿಯಾಗುತ್ತಿದ್ದರೂ ಆ ಪುಣ್ಯಾತ್ಮ ಕೈಮುಗಿದು ನಿಂತ. ಸುದ್ದಿ ಸಿಂದಗಿ ಮುಟ್ಟಿ, ಮೂರನೆಯ ಮುಂಜಾನೆ ಇಪ್ಪತ್ತು ಜನ ಬಂದು ಪಕ್ಷಿಗಳ ಭಕ್ತಿಯನ್ನು ಕೊಂಡಾಡಿದರು. ಕಾಯುವವಳ ಬಾಯಿ ಕಟ್ಟಿದರೆ ಹಕ್ಕಿಗಳು ಬಂದೇ ಬರುತ್ತವೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದರ್ಶನಕ್ಕೆ ಬಂದವೆನ್ನಲಾದ ಹಕ್ಕಿಗಳು ಮಾಸ್ತರರ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ನೋಡುತ್ತಿದ್ದವಳು ಸಾತವ್ವ. ಮಾಡಲು ಕೆಲಸವಿಲ್ಲ, ಬೈಯಲು ಅಪ್ಪಣೆಯಿಲ್ಲ. ಹದಿನಾಲ್ಕು ವರ್ಷ ಅವಳು ಕಂಡದ್ದೆಲ್ಲ ಹಾರಿಹೋಗುವ ಹಕ್ಕಿಯ ಬೆನ್ನು. ಈಗ ಒಂದು ಕಬ್ಬಕ್ಕಿ ಕೈಯಳತೆಯ ತೆನೆಗೆ ಜೋತುಬಿದ್ದು ಕಾಳು ಹಿಂಡಿ ಹಾಲು ಕುಡಿಯಿತು. ಆಮೇಲೆ ಕೊಕ್ಕನ್ನು ಎಲೆಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಒರೆಸಿಕೊಂಡಿತು. ಮಗಳು ಹಾಲು ಕುಡಿಸಿ ಕೂಸಿನ ಬಾಯಿ ಒರೆಸುವುದೂ ಹೀಗೆಯೇ. ಹೊತ್ತು ಏರಿತು, ಇಡೀ ಹೊಲ ಆ ಪುಟ್ಟ ಪುಟ್ಟ ಭಾರಗಳಿಗೆ ತೂಗುತ್ತಿತ್ತು. ಎಷ್ಟು ಹೊತ್ತು ಹಾಗೆ ಕುಳಿತಿದ್ದಳೋ! ಸಿಟ್ಟು, ಹಸಿವು, ತಾನು ಯಾರೆಂಬುದು, ಯಾವುದೂ ನೆನಪಿರಲಿಲ್ಲ. ಎದೆ ತುಂಬಿ ಬಂದಿತ್ತು. ಅಂಥ ಸಂತೋಷವನ್ನು ಅವಳು ಯಾವ ಗುಡಿಯಲ್ಲೂ ಕಂಡಿರಲಿಲ್ಲ.

ಮೈಮೇಲೆ ಎಚ್ಚರ ಬಂದಾಗ ಎದುರಿನ ತೆನೆ ಬರಿದಾಗಿತ್ತು.

“ಹುಚ್ಚಿ! ನಿನ್ನ ಕೂಳು ತಿನ್ನಾಕತ್ತಾವು, ನೀ ನೋಡಿಕೋತ ಕುಂತಿ!” ಎಂದು ತನ್ನನ್ನೇ ಬೈದುಕೊಂಡು ಎದ್ದಳು. ಕವಣೆ ಛಟೀರೆಂದಿತು. ಅವಳ ಕೂಗಿಗೆ ಹಿಂಡೆಲ್ಲ ಎದ್ದು ಭೀಮೆಯ ಆಚೆ ಹಾರಿತು. ಭಕ್ತರು ತಲೆ ಮುಚ್ಚಿಕೊಂಡು ಎದ್ದರು.

ಮಾಸ್ತರರು ಕಿವಿಯ ಮಫ್ಲರು ಕಿತ್ತುಕೊಂಡು ಬಂದರು. “ಆನಂದದೊಳಗ ಮುಳುಗಿದ್ದೆ, ಎಲ್ಲಾ ಕೆಡಿಸಿದಿ! ನಿನ್ನಂಥಾಕಿಗೆ ಇದರ ಸುಖ ಏನ ಗೊತ್ತು?”

ಹೇಳಬೇಕೆಂದದ್ದು ಸಾತವ್ವನ ನಾಲಿಗೆಯ ತುದಿಗೆ ಬಂತು. ಈ ಮನುಷ್ಯನ ಮುಂದೆ ಹೇಳುವುದಕ್ಕಿಂತ ನುಂಗುವುದೇ ಲೇಸೆನಿಸಿತು.

“ಗೊತ್ತಿಲ್ರಿ ಮಾಸ್ತರ. ಚಹಾ ಆರತೈತಿ, ಕುಡೀರಿ.”

ಮಾಸ್ತರರು ಆ ಹಕ್ಕಿಗಳ ಕತೆಯನ್ನು ಇಂಡಿ ಪಟ್ಟಣದ ಸಭೆಯಲ್ಲಿ ಹೇಳಿ ಶಾಲು ಹೊದೆಸಿಕೊಂಡರು. ರಾಶಿಯ ದಿನ ಧೂಳಪ್ಪ, ಹಕ್ಕಿಗಳಿಗೆ ಕೈಮುಗಿದ ಅದೇ ಧೂಳಪ್ಪ, ಹಕ್ಕಿ ಭಾಳ ತಿಂದಾವೆಂದು ಸಾತವ್ವನ ಪಾಲಿನಲ್ಲಿ ಅರ್ಧ ಚೀಲ ಕಡಿದ. ಆ ಬೇಸಿಗೆ ಅವಳು ಬಾಣಂತಿಯ ತಾಟಿಗೆ ತನ್ನ ರೊಟ್ಟಿ ಹಾಕಿ, ತಾನು ನುಚ್ಚು ಕುಡಿದು ಕಳೆದಳು.

ಮರುವರ್ಷ ತೆನೆ ಹಾಲು ತುಂಬಿತು. ಸಾತವ್ವ ಮಂಚಿಕೆ ಹತ್ತಿ, ಒಂದು ಎಲೆ-ಅಡಿಕೆ ಜಗಿಯುವಷ್ಟು ಹೊತ್ತು ಕವಣೆ ಮುಟ್ಟದೆ ಕುಳಿತಳು. ದಿನಾ ಮುಂಜಾನೆ ಹೀಗೆಯೇ. ದಾರಿಯಲ್ಲಿ ಹೊರಟಿದ್ದ ಪಕ್ಕದ ಹೊಲದ ಶೆಟ್ಟೆವ್ವ ಒಮ್ಮೆ ನಿಂತು ಕೂಗಿ ಕೇಳಿದಳು:

“ಯಾಕ ಯಕ್ಕಾ, ಸುಮ್ಮನ ಕುಂತಿ? ಮಾಸ್ತರನ ಹುಚ್ಚು ಹತ್ತಿತೇನು?”

“ಥೂ!” ಎಂದಳು ಸಾತವ್ವ. “ಕವಣಿಗೆ ಕಲ್ಲು ಸಾಲವಲ್ವು, ಅದಕ್ಕ ಕುಂತೇನಿ.”

ಅವಳ ಉಡಿಯ ತುಂಬ ಕಲ್ಲಿದ್ದವು.