ಇವ್ರು ನಮ್ಮೋರಲ್ಲ

ನಮ್ಮ ಎದುರು ಮನೆಯ ದೊಡ್ಡವ್ವ ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ಹೊಸಬರು ಬಾಯಿಗೆ ಏನೋ ಅಂಟಿದೆಯೆಂದು ಗಾಬರಿಬಿದ್ದು ಒರೆಸಿಕೊಳ್ಳುತ್ತಿದ್ದರು. ಕೊಯಮತ್ತೂರಿನ ನೂಲಿನ ಮಿಲ್ಲಿನಲ್ಲಿ ವಯಸ್ಸೆಲ್ಲ ಕಳೆದವಳು ಅವಳು. ಆ ಯಂತ್ರಗಳ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ. ಪಕ್ಕದವಳು ಏನಂದಳೆಂದು ತುಟಿ ನೋಡಿ ತಿಳಿಯಬೇಕು, ಉತ್ತರ ಕೊಡಬೇಕಾದರೆ ಕಿರುಚಬೇಕು. ಮಿಲ್ಲು ಮುಚ್ಚಿ ಗುಂಡ್ಲುಪೇಟೆಗೆ ಬಂದ ಮೇಲೂ ಈ ಎರಡು ಅಭ್ಯಾಸ ಅವಳನ್ನು ಬಿಡಲಿಲ್ಲ. ಅವಳು ನಮ್ಮವ್ವನಿಗೆ ಗುಟ್ಟು ಹೇಳಿದರೆ ಬೀದಿಯ ಕೊನೆಯ ಮನೆಯವರು 'ಅಯ್ಯೋ ಪಾಪ' ಅನ್ನುತ್ತಿದ್ದರು.

ಬೆಳಗ್ಗೆ ತೋಟದವರು ತರುವ ಬಿಡಿ ಹೂ ಕೊಂಡು ಜಗಲಿಯ ಮೇಲೆ ಕೂತು ಕಟ್ಟುತ್ತಿದ್ದಳು. ನೂಲು ಹಿಡಿದು ಪಳಗಿದ ಬೆರಳುಗಳು, ದಾರ ಎಲ್ಲಿ ಸುತ್ತಿತು ಎಲ್ಲಿ ಗಂಟಾಯಿತು ಎಂದು ನಮಗೆ ಕಾಣುತ್ತಲೇ ಇರಲಿಲ್ಲ. ಒಂದು ಕೆನ್ನೆಯಲ್ಲಿ ಸದಾ ಬೆಲ್ಲದ ಚೂರು. ಹತ್ತಿಯ ಧೂಳು ಗಂಟಲಲ್ಲಿ ನಿಲ್ಲಬಾರದೆಂದು ಮಿಲ್ಲಿನವರೆಲ್ಲ ಬೆಲ್ಲ ತಿನ್ನುತ್ತಿದ್ದರಂತೆ. "ಈಗ ಯಾವ ಮಿಲ್ಲು ದೊಡ್ಡವ್ವ?" ಎಂದು ನಾನು ಚುಡಾಯಿಸಿದರೆ, "ಒಳಿಕ್ಕೋಗಿರೋದು ಇನ್ನೂ ಅಲ್ಲೇ ಅದೆ ಕಣಮ್ಮಿ" ಅನ್ನುತ್ತಿದ್ದಳು.

ಮರ್ಯಾದೆ ಕೊಡುವುದರಲ್ಲಿ ಮಾತ್ರ ಮಹಾ ಜಿಪುಣಿ. ತಹಸೀಲ್ದಾರನೂ 'ಅವ್ನು', ಮಠದ ಸ್ವಾಮಿಯೂ 'ಅವ್ನು', ದೇವರಂತೂ ಹೇಳುವುದೇ ಬೇಡ. ಬಹುವಚನ ಸಿಗುತ್ತಿದ್ದುದು ಅವಳ ಗಂಡ ಒಬ್ಬರಿಗೇ. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವಳಿಗೂ ಆತ 'ಇವ್ರು', ಇಲ್ಲವೇ 'ನಮ್ಮೋರು'. 'ಇವ್ರಿಗೆ ಉಳ್ಳಿಕಾಳು ಸಾರು ಅಂದ್ರೆ ಪ್ರಾಣ' ಎಂದು ಅವಳು ಹೇಳುವಾಗ ಆತ ಒಳಗೆ ಕೈ ತೊಳೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಒಳಗೆ ಯಾರೂ ಇರಲಿಲ್ಲ. ಮಿಲ್ಲು ಮುಚ್ಚಿದ ಸ್ವಲ್ಪ ಕಾಲದಲ್ಲೇ ಆತ ಮನೆಯಿಂದ ಹೋದವರು ವಾಪಸು ಬರಲಿಲ್ಲವಂತೆ. ದೊಡ್ಡವ್ವ ಒಬ್ಬಳೇ ಟ್ರಂಕು ಹೊತ್ತುಕೊಂಡು ತವರೂರಿಗೆ ಬಂದಳು. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಬಳೆ, ಕಾಲುಂಗುರ, ಯಾವುದನ್ನೂ ತೆಗೆಯಲಿಲ್ಲ. ಬೀದಿಯ ಹೆಂಗಸರಿಗೆ ಇದೊಂದು ಬಗೆಹರಿಯದ ತೊಂದರೆ. ಅವಳನ್ನು ಅರಿಸಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ? ಅವಳು ಕಟ್ಟಿದ ಹೂವನ್ನು ಹಬ್ಬದ ದಿನ ಮುಡಿಯಬಹುದೋ ಇಲ್ಲವೋ? ಕೆಲವರು ಕೊಳ್ಳುತ್ತಿದ್ದರು, ಕೆಲವರು ಕಂಡೂ ಕಾಣದಂತೆ ಒಳಗೆ ಹೋಗುತ್ತಿದ್ದರು.

ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯ ಬೊಂಬೆ ಮಾಡಿ ಕರ್ಮ ಮುಗಿಸುವುದುಂಟು. ಆ ಗಡುವು ದಾಟಿತೆಂದು ಗಂಡನ ಊರು ಉಡಿಗಾಲದಿಂದ ಅವಳ ಮೈದುನ ಒಂದು ದಿನ ಪುರೋಹಿತರನ್ನು ಕರೆದುಕೊಂಡೇ ಬಂದ. ಕೆಟ್ಟ ಮನುಷ್ಯನಲ್ಲ ಅವನು. ಅಣ್ಣನ ಆತ್ಮ ಅಲೆಯುತ್ತಿದ್ದೀತು ಎಂಬ ಸಂಕಟ ಅವನದು. ದೊಡ್ಡವ್ವ ಅವನು ಹೇಳುವಷ್ಟು ಹೊತ್ತೂ ತುಟಿ ನೋಡಿದಳು. ಆಮೇಲೆ ಜಗಲಿ ಇಳಿದು ಬೀದಿಗೆ ಬಂದು ನಿಂತಳು.

"ಎಣ ತೋರ್ಸಲಾ! ನಿಮ್ಮಣ್ಣನ ಎಣ ತೋರ್ಸು, ಇಲ್ಲೇ ಬೀದೀಲೇ ಬಳೆ ಒಡ್ದಾಕ್ತೀನಿ. ತೋರ್ಸಕ್ಕಾಗ್ದಿದ್ರೆ ಬಂದ ದಾರೀಲಿ ಒಂಟೋಗು!"

ಆ ದನಿಗೆ ಪುರೋಹಿತರು ಚಪ್ಪಲಿ ಹುಡುಕತೊಡಗಿದರು. ಮೈದುನ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದ. ಬೊಂಬೆಯ ಮಾತು ಅಲ್ಲಿಗೆ ನಿಂತಿತು.

ಅದಾದ ಮರುವರ್ಷ ನನ್ನ ಮದುವೆಯಾಯಿತು. ಗಂಡನಿಗೆ ಕೊಯಮತ್ತೂರಿನಲ್ಲಿ ಮೋಟಾರು ಪಂಪು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಗುಂಡ್ಲುಪೇಟೆ ಬಿಟ್ಟರೆ ಚಾಮರಾಜನಗರ, ಅದು ಬಿಟ್ಟರೆ ಸಂತೆಮರಹಳ್ಳಿಯ ಅತ್ತೆ ಮನೆ, ಇಷ್ಟೇ ನಾನು ಕಂಡ ಲೋಕ. ದಿಂಬಂ ಘಟ್ಟ ಇಳಿದು ತಮಿಳರ ಊರಿಗೆ ಸಂಸಾರ ಮಾಡಲು ಹೋಗಬೇಕೆಂದು ನಾನು ಅಳುತ್ತಾ ಕೂತಿದ್ದಾಗ ದೊಡ್ಡವ್ವ ಹೂವಿನ ಬುಟ್ಟಿ ಸಮೇತ ನಮ್ಮ ಮನೆಗೇ ಬಂದು ಕೂತಳು. ಎರಡು ಮೂರು ದಿನ ನನಗೆ ಪಾಠ ನಡೆಯಿತು, ಬೀದಿಗೆಲ್ಲ ಕೇಳುವಂತೆ.

"ಮನೆ ನೋಡಕ್ಕೋದಾಗ ಗೋಡೆ ಬಣ್ಣ ನೋಡ್ಬೇಡ, ನಲ್ಲಿ ಕೆಳಗಿನ ಕಲ್ಲು ನೋಡು. ಕಲ್ಲು ಸವ್ದಿದ್ರೆ ನೀರು ಬತ್ತದೆ. ಕಲ್ಲು ಒಸಾದಂಗಿದ್ರೆ ಓನರ್ರು ಸುಳ್ಳ."

"ನನಗೆ ತಮಿಳು ಬರಲ್ವಲ್ಲ ದೊಡ್ಡವ್ವ."

"ಬರ್ದಿದ್ರೆ ಬುಡು. ಆ ಊರಲ್ಲಿ ಕನ್ನಡದೋರು ಬೇಕಾದಷ್ಟು ಅವ್ರೆ. ಮನೇಲಿ ಆಡ್ತರೆ, ಬೀದೀಲಿ ಆಡಲ್ಲ. ಪಕ್ಕದ್ಮನೆಯವ್ಳು ಮಗೀನ ಯಾವ ಬಾಸೇಲಿ ಬಯ್ತಳೆ ಅಂತ ಕೇಳಿಸ್ಕೊ. ಕ್ವಾಪದಲ್ಲಿ ಯಾರಿಗೂ ಸುಳ್ಳು ಬಾಸೆ ಬರಲ್ಲ."

ಮಾರುಕಟ್ಟೆಗೆ ಯಾವ ಹೊತ್ತಿಗೆ ಹೋಗಬೇಕು, ಒಗೆದ ಬಟ್ಟೆಯನ್ನು ಕಾರ್ಖಾನೆಯ ಹೊಗೆ ಬೀಸುವ ದಿಕ್ಕಿಗೆ ಒಣಹಾಕಬಾರದು, ಉಪ್ಪು ನೀರಲ್ಲಿ ಬೇಳೆ ಬೇಯುವುದಿಲ್ಲ, ಅದಕ್ಕಾಗಿ ಗಂಡನ ಮೇಲೆ ರೇಗಬಾರದು, ಹೀಗೆ. ನನ್ನ ಅಳು ನಿಂತು ನಗು ಬಂತು. ಹೊರಡುವ ಹಿಂದಿನ ದಿನ ಮಾತ್ರ ಅವಳು ನನ್ನ ಹತ್ತಿರ ಸರಿದು ಕೂತು, ನಾನು ಹಿಂದೆಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ರೈಲ್ವೆ ಗೇಟಿಂದ ಆಚೆ ಒಂದು ಮುಚ್ಚಿದ ಮಿಲ್ಲದೆ. ಅದರ ಬೆನ್ನಿಗೆ ಲೈನ್ ಮನೆಗಳವೆ. ಅಲ್ಲಿ ಮಾತ್ರ ಮನೆ ಮಾಡ್ಬೇಡ ಕಣ್ ಮಗ."

"ಯಾಕೆ ದೊಡ್ಡವ್ವ?"

"ಗೋಡೆಗೆಲ್ಲ ಕೆಮ್ಮು ಅಂಟ್ಕಂಡದೆ."

ನಾನು ಹೋಗುವಷ್ಟರಲ್ಲಿ ನನ್ನ ಗಂಡ ಮನೆ ಗೊತ್ತುಮಾಡಿ ಅಡ್ವಾನ್ಸು ಕೊಟ್ಟಾಗಿತ್ತು. ಕಾರ್ಖಾನೆಗೆ ಹತ್ತಿರ, ನೀರು ಚೆನ್ನಾಗಿದೆ ಎಂದು ಉಬ್ಬಿಕೊಂಡು ಕರೆದುಕೊಂಡು ಹೋದರು. ರೈಲ್ವೆ ಗೇಟು ದಾಟುವಾಗಲೇ ನನಗೆ ದೊಡ್ಡವ್ವನ ಮಾತು ನೆನಪಾಯಿತು. ಎದುರಿಗೆ ಹೊಗೆಯಿಲ್ಲದ ಎತ್ತರದ ಚಿಮಣಿ, ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ, ಬೀಗ ತುಕ್ಕು ಹಿಡಿದ ದೊಡ್ಡ ಗೇಟು. ಮಿಲ್ಲಿನ ಬೆನ್ನಿಗೆ ಸಾಲಾಗಿದ್ದ ಲೈನ್ ಮನೆಗಳಲ್ಲೇ ಒಂದು ನಮ್ಮದು. ಗೇಟಿನ ಮುಂದೆ ಹತ್ತಾರು ಮುದುಕರು ಒಗೆದ ಅಂಗಿ ಹಾಕಿಕೊಂಡು, ಪಕ್ಕದಲ್ಲಿ ಟಿಫನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದರು. ಮಿಲ್ಲಿನ ಹಳೆಯ ಕೆಲಸಗಾರರು. ಬೆಳಗ್ಗೆ ಡ್ಯೂಟಿಯ ಹೊತ್ತಿಗೆ ಬಂದು ಅಲ್ಲೇ ಉಂಡು, ಡ್ಯೂಟಿ ಬಿಡುವ ಹೊತ್ತಿಗೆ ಮನೆಗೆ ಹೋಗುತ್ತಾರೆ ಎಂದು ಆಮೇಲೆ ತಿಳಿಯಿತು. ಮೊದಲ ದಿನ ನನಗೆ ಅವರನ್ನು ನೋಡಲು ಭಯವಾಯಿತು. ದಿನಾ ನೋಡಿದ ಮೇಲೂ ಆ ಭಯ ಪೂರ್ತಿ ಹೋಗಲಿಲ್ಲ.

ದೊಡ್ಡವ್ವ ಹೇಳಿಕೊಟ್ಟಂತೆ ಕಿವಿಗೊಟ್ಟಿದ್ದೆ. ಮೂರನೆಯ ಮನೆಯ ಅಜ್ಜಿ ಬೆಕ್ಕನ್ನು ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಬೈದಳು. ಚಂದಕವಾಡಿ ಕಡೆಯವಳು. ನಾನು ಗುಂಡ್ಲುಪೇಟೆಯವಳೆಂದು ತಿಳಿದದ್ದೇ, "ಅಂಗಾರೆ ಅವ್ಳು ಗೊತ್ತಾ?" ಎಂದು ದೊಡ್ಡವ್ವನ ಗುರುತು ಹೇಳಿದಳು. ಬದುಕಿದ್ದಾಳೆ ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ, "ಕುಂಕುಮ ಇಟ್ಕತಾಳಾ?" ಎಂದಳು.

"ಇಟ್ಕೋತಾಳೆ."

ಅಜ್ಜಿ ನನ್ನನ್ನು ಒಳಗೆ ಕೂರಿಸಿಕೊಂಡು ಹೇಳಿದಳು. ದೊಡ್ಡವ್ವನ ಗಂಡನೂ ಆ ಗೇಟಿನ ಮುಂದೆ ಕೂರುತ್ತಿದ್ದವರೇ. ಒಂದು ಸಂಜೆ ಮನೆಗೆ ಬರಲಿಲ್ಲ. ಕೆಲವು ದಿನ ಕಳೆದು ಮಿಲ್ಲಿನ ಕಾಂಪೌಂಡಿನೊಳಗಿನ ನೀರಿನ ತೊಟ್ಟಿಯಲ್ಲಿ ಒಂದು ಹೆಣ ಸಿಕ್ಕಿತು. ಮುಖ ಕೆಟ್ಟುಹೋಗಿತ್ತು. ಗುರುತು ಹಿಡಿಯಲು ಆಸ್ಪತ್ರೆಗೆ ಕರೆಸಿದಾಗ ದೊಡ್ಡವ್ವನ ಜೊತೆ ಹೋದವಳು ಈ ಅಜ್ಜಿಯೇ.

"ಬಟ್ಟೆ ಎತ್ತುದ್ರು. ನೋಡುದ್ಲು. ಕೈಯಿ ನೋಡುದ್ಲು, ಕಾಲ್ನೋಡುದ್ಲು. 'ಇವ್ರು ನಮ್ಮೋರಲ್ಲ' ಅಂದ್ಲು. ಅಷ್ಟೇಯ. ನೀನೇ ಯೋಳು ಮಗ, ಗುರ್ತಿಲ್ದ ಎಣಕ್ಕೆ ಯಾರಾರ 'ಇವ್ರು' ಅಂದಾರಾ? ಅದೂ ಅವ್ಳು?"

ಎಣ ತೋರ್ಸು ಎಂದು ಬೀದಿಯಲ್ಲಿ ನಿಂತು ಕೂಗಿದವಳು ಹೆಣ ನೋಡಿದ್ದಳು.

"ಬರೋ ದಾರೀಲಿ ಬಳೆ ಅಂಗಡಿ ಮುಂದೆ ನಿಂತ್ಕಂಡ್ಳು. ಎರಡು ಕೈಗೂ ಒಸಾ ಬಳೆ ತೊಡುಸ್ಕಂಡ್ಳು. ನಾನು ಏನೂ ಅನ್ನಕ್ಕೋಗ್ಲಿಲ್ಲ. ಮಾರ್ನೇ ದಿನ ಊರ್ಗೋದ್ಲು. ಇಲ್ಲಿ ಮಿಲ್ಲೋರೇ ಸೇರ್ಕಂಡು ಮಣ್ ಮಾಡುದ್ರು."

ದೊಡ್ಡವ್ವನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಹೆಂಡತಿ ಕಣ್ಣೆದುರು ನಿಂತಿದ್ದೂ ದಿಕ್ಕಿಲ್ಲದ ಹೆಣವಾಗಿ ಹೋದರಲ್ಲ ಆ ಮನುಷ್ಯ! ಆ ಮನೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಿಟ್ಟು ಇಳಿಯಿತು. ಗಂಡ ಡ್ಯೂಟಿಯಿಂದ ಬರುವುದು ಸ್ವಲ್ಪ ತಡವಾದರೂ ನಾನು ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ಅವಳಿಗೆ ಕುಂಕುಮಕ್ಕಿಂತ ಆ ಕಾಯುವುದೇ ಬೇಕಿತ್ತೇನೋ, ಅದೂ ಹೋದರೆ ಕೈಯಲ್ಲಿ ಏನಿತ್ತು ಎಂದು ಆಗ ಅನ್ನಿಸಿತು.

ಹೆರಿಗೆಗೆ ತವರಿಗೆ ಬಂದಾಗ ಮೊದಲು ಕೇಳಿದ್ದೇ ಅವಳು. "ಎಲ್ಲಿ ಮನೆ ಮಾಡಿರದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಲೈನ್ ಮನೆ ದೊಡ್ಡವ್ವ" ಎಂದೆ.

ಹೂ ಕಟ್ಟುವ ಬೆರಳುಗಳು ನಿಂತವು. "ಯಾರಾರ ಏನಾರ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲ."

ಅವಳು ನನ್ನ ತುಟಿಯನ್ನೇ ನೋಡಿದಳು. ಆ ಮಾತು ಮುಗಿದು ಎಷ್ಟೋ ಹೊತ್ತಾದರೂ ನೋಡುತ್ತಲೇ ಇದ್ದಳು. ಆಮೇಲೆ ನನ್ನನ್ನು ಹತ್ತಿರ ಎಳೆದು ಜಡೆಗೆ ಒಂದು ಮೊಳ ಹೂ ಮುಡಿಸಿ, "ಗೋಡೆಗೆ ಸುಣ್ಣ ಒಡ್ಸು" ಎಂದಳು. ಆ ಊರಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ಗೌರಿ ಹಬ್ಬಕ್ಕೆ ಬಂದಿದ್ದಾಗಲೇ, ಕೆಮ್ಮಿ ಕೆಮ್ಮಿ ಸೋತು ಅವಳು ಹೋದಳು. ಉಡಿಗಾಲದಿಂದ ಮೈದುನ ಬಂದ. ನೀರು ಹಾಕಿಸಿ ಮಲಗಿಸಿದ ಮೇಲೆ ಹೆಂಗಸರು ಕೈಕಟ್ಟಿ ನಿಂತುಬಿಟ್ಟರು. ಮುತ್ತೈದೆಯೆಂದು ಹಸಿರು ಸೀರೆ ಉಡಿಸಿ, ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ ಕಳಿಸಬೇಕೇ, ಇಲ್ಲ ಬಳೆ ಒಡೆದು ಬರಿಹಣೆಯಲ್ಲಿ ಕಳಿಸಬೇಕೇ? ಹನ್ನೆರಡು ವರ್ಷ ಯಾವತ್ತೋ ದಾಟಿದೆ, ಸುಳ್ಳು ಮುತ್ತೈದೆಗೆ ಕುಂಕುಮ ಹಚ್ಚಿದ ಪಾಪ ನಮಗೇಕೆ ಎಂದು ಹಿರಿಯಳೊಬ್ಬಳು ಹೇಳಿದಳು. ಯಾರೋ ಬಳೆ ಒಡೆಯಲೆಂದು ದೊಡ್ಡವ್ವನ ಮುಂಗೈ ಹಿಡಿದೂ ಆಗಿತ್ತು. ಆಗ ಒಬ್ಬಳು ನನ್ನ ಕಡೆ ತಿರುಗಿದಳು.

"ನೀನು ಅಲ್ಲೇ ಇರೋಳಲ್ವಾ ಅಮ್ಮಿ? ಅವ್ರ ಸುದ್ದಿ ಏನಾರ ಗೊತ್ತಾ?"

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇದಾರೆ" ಎಂದೆ. "ಮುಚ್ಚಿದ ಮಿಲ್ಲಿನ ಗೇಟಿನ ಹತ್ರ ದಿನಾ ಕೂತಿರ್ತಾರೆ. ನಾನೇ ನೋಡಿದೀನಿ."

ಆಮೇಲೆ ನಮ್ಮವ್ವ ಒಳಗೆ ಹೋಗಿ ತನ್ನ ಹೊಸ ಹಸಿರು ಸೀರೆ ತಂದಳು. ಹೂವನ್ನು ನಾನೇ ಮುಡಿಸಿದೆ.

ಮಣ್ಣು ಮಾಡಿ ಬಂದ ಮೇಲೆ ಮೈದುನ ನನ್ನನ್ನು ಹಿತ್ತಲಿಗೆ ಕರೆದ. ಬೈಯುತ್ತಾನೆಂದುಕೊಂಡೆ. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. "ನಾನೋದ್ರೆ ಅವ್ನು ಮಕ ತೋರ್ಸಲ್ಲ ಕಣವ್ವ. ತೋರ್ಸಂಗಿದ್ರೆ ಇಷ್ಟೊರ್ಸ ಬರ್ತಿರ್ಲಿಲ್ವಾ. ನೀನೇ ಯೋಳ್ಬುಡು. ಎಡ್ತಿ ಮುತ್ತೈದೆಯಾಗೇ ಓದ್ಲು ಅಂತ ಒಂದ್ಮಾತು ಯೋಳ್ಬುಡು."

"ಹೇಳ್ತೀನಿ" ಎಂದೆ.

ಕೊಯಮತ್ತೂರಿಗೆ ಮರಳಿದ ಬೆಳಗ್ಗೆ ಮಗುವಿನ ಕೈ ಹಿಡಿದುಕೊಂಡು ಆ ಗೇಟಿನ ಮುಂದೆ ಹೋಗಿ ನಿಂತೆ. ಮುದುಕರು ಎಂದಿನಂತೆ ಕೂತಿದ್ದರು. ಯಾರ ಕಡೆಗೂ ನೋಡದೆ, ತುಕ್ಕು ಹಿಡಿದ ಬೀಗದ ಕಡೆ ತಿರುಗಿ, ಕನ್ನಡದಲ್ಲೇ, ದೊಡ್ಡವ್ವ ಮುತ್ತೈದೆಯಾಗಿ ಹೋದಳು ಎಂದು ಹೇಳಿದೆ.

"ಸರಿಮ್ಮಾ" ಎಂದರು ಹಿಂದೆ ಕೂತಿದ್ದ ಮುದುಕರಲ್ಲಿ ಯಾರೋ.