ಹಿಂದಿನ ಸಂದಿಯಲ್ಲಿ ಬಂದ ಕುರ್ಚಿ

ಬಡತನದ ಬಗ್ಗೆ ಪಾಠ ಹೇಳುತ್ತಾ, ಅದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಬೇಜಾರಿಲ್ಲ, ಇಷ್ಟಪಟ್ಟು ಮಾಡಿದ ಕೆಲಸ. ಯಾವ ಸಂಸಾರ ಎಷ್ಟು ವರ್ಷದಲ್ಲಿ ಎಷ್ಟು ಮೇಲೆ ಬಂತು ಎಂದು ನೋಡುವುದು ನನ್ನ ಕಸುಬು. ಆ ಕಸುಬಿನಲ್ಲಿ ನಾನು ಸರಿಯಾಗಿ ಬೇಸ್ತು ಬಿದ್ದದ್ದು ಕೆಂಗೇರಿಯ ಆಚೆ, ಒಂದು ಪ್ಲಾಸ್ಟಿಕ್ ಕುರ್ಚಿಯಿಂದ.

ಎರಡು ಸಾವಿರದ ಇಸವಿಯ ಆಸುಪಾಸು. ಆಗ ನಾನಿನ್ನೂ ವಿದ್ಯಾರ್ಥಿನಿ. ಅತ್ತಿಗುಪ್ಪೆಯ ಬಾಡಿಗೆ ಮನೆಯಿಂದ ಬಸ್ ಹಿಡಿದು ಕೆಂಗೇರಿಗೆ ಹೋಗಿ, ಅಲ್ಲಿಂದ ಧೂಳಿನಲ್ಲಿ ನಡೆದರೆ ತಗಡಿನ ಶೆಡ್‌ಗಳ ನಾಲ್ಕು ಸಾಲು. ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರು ಅಲ್ಲಿದ್ದರು. ಹೋದ ಕಡೆಯೆಲ್ಲ ಚಾಪೆ ಹಾಸುತ್ತಿದ್ದರು. ಕೂತು ಪ್ರಶ್ನಾವಳಿ ತುಂಬುತ್ತಿದ್ದೆ. ಮನೆಯಲ್ಲಿ ಏನೇನಿದೆ ಎಂಬ ಪಟ್ಟಿಯಲ್ಲಿ ಫ್ಯಾನು, ಟಿ.ವಿ., ಸೈಕಲ್ಲಿನ ಜೊತೆ ಕುರ್ಚಿಯೂ ಇತ್ತು. ನನ್ನದೊಂದು ನಿಯಮ: ಕಣ್ಣಿಗೆ ಕಾಣುವುದನ್ನು ಕೇಳಬಾರದು, ನೋಡಿ ಟಿಕ್ ಹಾಕಬೇಕು. ಕೂಲಿ ಮಾಡುವವರ ಮನೆಯೊಳಗೆ ಕೂತು, ನಿಮಗೆ ಕುರ್ಚಿ ಇದೆಯೇ ಎಂದು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೆ. ಆ ನಿಯಮದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಾಲ್ಕೈದು ವರ್ಷ ಕಳೆದು ಅದೇ ಮನೆಗಳಿಗೆ ಮತ್ತೆ ಹೋದೆ. ಅಷ್ಟರಲ್ಲಿ ಲೆಕ್ಚರರ್ ಆಗಿದ್ದೆ. ಮೈಮೇಲೆ ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೆ ಚರ್ಮದ ಬ್ಯಾಗು. ಈ ಸಲ ಯಾವ ಮನೆಗೆ ಹೋದರೂ ನನಗೊಂದು ಕುರ್ಚಿ ಕಾದಿತ್ತು. ಫ್ಯಾನು, ಟಿ.ವಿ. ಹೆಚ್ಚೇನೂ ಬಂದಿರಲಿಲ್ಲ, ಕುರ್ಚಿ ಮಾತ್ರ ಮನೆಮನೆಗೂ ಬಂದಿತ್ತು. ನನಗೆ ಖುಷಿಯೋ ಖುಷಿ. ಕೈ ಸ್ವಲ್ಪ ಸಡಿಲವಾದ ಕೂಡಲೇ ಮನೆಗೆ ಬಂದವರಿಗೆಂದು ಜನ ಮೊದಲು ಒಂದು ಕುರ್ಚಿ ಕೊಳ್ಳುತ್ತಾರೆ, ಮೇಲೆ ಬಂದದ್ದರ ಮೊದಲ ಗುರುತು ಅದು ಎಂದು ಪ್ರಬಂಧ ಬರೆಯತೊಡಗಿದೆ. ದೆಹಲಿಯ ಒಂದು ಸಮ್ಮೇಳನಕ್ಕೆ ಅದು ಆಯ್ಕೆಯೂ ಆಯಿತು. ನನ್ನ ಕೆಲಸ ಕಾಯಂ ಆಗುವುದು ಆ ಪ್ರಬಂಧದ ಮೇಲೇ ನಿಂತಿತ್ತು. ಕೊನೆಯ ಸಾಲಿನ ಮನೆಗಳನ್ನು ಮುಗಿಸುವುದಷ್ಟೇ ಬಾಕಿ.

ಆ ಸಾಲಿಗೆ ಹೋದ ದಿನ ಮೊದಲ ಮನೆಯಲ್ಲಿ ಕನ್ನಡಕದ ಡಬ್ಬಿ ಬಿಟ್ಟುಬಂದಿದ್ದೆ. ಮೂರನೇ ಮನೆ ಮುಗಿಸಿ ತರಲು ಹೋದರೆ, ಮನೆಯಾಕೆ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬೆಳಿಗ್ಗೆ ನಾನು ಕೂತಿದ್ದ ಕುರ್ಚಿ ಕಾಣಲಿಲ್ಲ.

"ಕುರ್ಚಿ ಎಲ್ಲಮ್ಮಾ?" ಎಂದು ನಿಯಮ ಮರೆತು ಕೇಳಿಬಿಟ್ಟೆ.

"ನಾಕನೇ ಮನಿಗೆ ಹೋಗೇತ್ರಿ," ಅಂದರು, ಸೊಪ್ಪಿನಿಂದ ಕಣ್ಣೆತ್ತದೆ. "ನೀವು ಹೋಗೂದ್ರೊಳಗ ಹಿಂದಿನ ಸಂದಿಲೆ ಕಳಸ್ತೀವಿ. ಇಡೀ ಸಾಲಿಗೆ ಅದೊಂದ ಐತ್ರಿ, ಮೇಸ್ತ್ರಿ ಮನೀದು."

"ಮೊದಲ ಸಲ ಬಂದಾಗ ಚಾಪೆ ಹಾಕಿದ್ರಲ್ಲ?"

"ಆವಾಗ ನೀವು ಓದೂ ಹುಡುಗಿ ಇದ್ರಿ. ಈಗ ಮೇಡಮ್ ಆಗೀರಿ. ನೆಲದ ಮ್ಯಾಲ ಹೆಂಗ ಕುಂದರಸಬೇಕ್ರಿ?"

ನಾಲ್ಕನೇ ಮನೆಗೆ ಹೋಗಿ ನೋಡಿದೆ. ಅದೇ ನೀಲಿ ಕುರ್ಚಿ. ಸೀಳಿದ ಬೆನ್ನನ್ನು ತಂತಿಯಿಂದ ಹೊಲಿದಿದ್ದರು. ಬೆಳಗಿನಿಂದ ಅದಕ್ಕೇ ಒರಗಿ ಕೂತಿದ್ದೆ, ನೋಡಿರಲಿಲ್ಲ. ವಿಚಾರಿಸಿದರೆ ಉಳಿದ ಸಾಲುಗಳಲ್ಲೂ ಇದೇ ಏರ್ಪಾಡು, ಸಾಲಿಗೊಂದು ಕುರ್ಚಿ. ನಾನು ಮುಂಬಾಗಿಲಿನಿಂದ ಹೊರಡುವ ಹೊತ್ತಿಗೆ ಅದು ಹಿಂದಿನಿಂದ ಹೊರಟಿರುತ್ತಿತ್ತು.

ಎರಡು ದಿನ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಸುಳ್ಳೇಕೆ ಹೇಳಲಿ, ಮುಚ್ಚಿಹಾಕುವ ಯೋಚನೆಯೂ ಬಂತು. ಕೆಂಗೇರಿಯ ಶೆಡ್ಡಿನ ಕುರ್ಚಿಯನ್ನು ದೆಹಲಿಯವರು ಬಂದು ನೋಡುತ್ತಾರೆಯೇ? ಮೂರನೆಯ ದಿನ ತಡೆಯಲಾಗದೆ ರಾಜಾಜಿನಗರಕ್ಕೆ, ನನ್ನ ಪಿಎಚ್.ಡಿ. ಗೈಡ್ ಮನೆಗೆ ಹೋಗಿ ಎಲ್ಲವನ್ನೂ ಒದರಿಬಿಟ್ಟೆ. ಬೈಯುತ್ತಾರೆಂದುಕೊಂಡರೆ ಪಂಚೆಯ ಮೇಲೆ ಕಾಫಿ ಚೆಲ್ಲಿಕೊಳ್ಳುವಷ್ಟು ನಕ್ಕರು.

"ಅಲ್ಲಮ್ಮಾ, ನಿನ್ನ ಸರ್ವೆ ಏನೂ ಸುಳ್ಳಲ್ಲ," ಅಂದರು. "ಅಲ್ಲಿ ಮೇಲೆ ಬಂದಿರೋದು ನೀನೊಬ್ಳೇ. ಅವ್ರು ಅದನ್ನ ಸರಿಯಾಗೇ ನೋಡಿದಾರೆ."

ನನಗೆ ನಗು ಬರಲಿಲ್ಲ. ಮನೆಗೆ ಬಂದು ಪ್ರಬಂಧ ವಾಪಸ್ ಪಡೆಯುವ ಪತ್ರ ಬರೆದೆ. ಕೆಲಸ ಕಾಯಂ ಆಗಲು ಇನ್ನೂ ಎರಡು ವರ್ಷ ಹಿಡಿಯಿತು. ಆದರೆ ಮತ್ತೆ ಆ ಸಾಲಿಗೆ ಹೋಗಲು ಮುಖವಿತ್ತು.

ದಶಕ ಮುಗಿಯುವ ಹೊತ್ತಿಗೆ ಮೂರನೇ ಸುತ್ತು. ಮೆಂತ್ಯದ ಸೊಪ್ಪಿನ ಆ ಹೆಂಗಸು ಈಗ ಕೆಂಗೇರಿಯ ಹತ್ತಿರದ ಉಲ್ಲಾಳದ ಕಡೆ ಒಂದು ಗಾರೆ ನೆಲದ ಬಾಡಿಗೆ ಕೋಣೆಯಲ್ಲಿದ್ದರು. ನನ್ನನ್ನು ಕಂಡವರೇ ಹಸಿರು ಕುರ್ಚಿಯೊಂದನ್ನು ಎಳೆದು ಹಾಕಿದರು. ಅಂಗಡಿಯ ಚೀಟಿ ಇನ್ನೂ ಅದರ ಕೈಗೆ ಅಂಟಿಕೊಂಡಿತ್ತು.

ಹಳೆಯ ನಿಯಮವನ್ನು ಬಿಟ್ಟಾಗಿತ್ತಲ್ಲ, ನೇರವಾಗಿ ಕೇಳಿದೆ. "ಇದು ಯಾರದಮ್ಮಾ?"

"ನಮ್ಮದರೀ."

ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ ಬಿಡಿಸಿ ನಾನು ಕೆಳಗೆ ಕೂತೆ. "ಅಯ್ಯ, ಬ್ಯಾಡ್ರಿ," ಎಂದು ಅವರು ಕೈ ಹಿಡಿದು ಎಬ್ಬಿಸಲು ನೋಡಿದರು. ನಾನು ಏಳಲಿಲ್ಲ.

"ನೀವು ಅದರಲ್ಲಿ ಕೂತ್ಕೊಳ್ಳಿ. ಕೂತ್ಕೊಂಡ್ರೇನೇ ನಾನು ಬರೆಯೋದು."

ಬಾಗಿಲ ಕಡೆ ಒಮ್ಮೆ ನೋಡಿದರು. ಸೆರಗು ಸರಿಮಾಡಿಕೊಂಡು ಕುರ್ಚಿಯ ಅಂಚಿಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ಸರಿದು, ಬೆನ್ನು ಒರಗಿಸಿದರು.

"ಹ್ಞಂ, ಈಗ ಬರ್ಕೋರಿ," ಅಂದರು.