ಪಾದ ನೋಡಿ ಪೆಡಲು ಕೊಡುವ ಅಕ್ಕ

ಇಂದು ಬೆಳಗಿನ ಮಂಜು ಬಲು ದಟ್ಟ. ಬೀದಿಯಲ್ಲಿ ಮೊದಲು ಸದ್ದು ಬರುತ್ತದೆ, ಸದ್ದಿನ ಹಿಂದೆ ಮನುಷ್ಯ ಬರುತ್ತಾನೆ. ಎದುರಿನ ಹಾಲಿನಂಗಡಿಯ ದೀಪ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಮಂಕಾಗಿದೆ. ಮೂಲೆಯ ಸೈಕಲ್ ರಿಪೇರಿ ಅಂಗಡಿಯ ಕಬ್ಬಿಣದ ಬಾಗಿಲನ್ನು ಅರ್ಧಕ್ಕೆ ಎತ್ತಿದ ಹೆಂಗಸು ಒಳಗೆ ಕಾಲಿಡುವ ಮೊದಲು ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾರೆ. ಅವರ ಪ್ರಾರ್ಥನೆ ಉದ್ದದ್ದಲ್ಲ. "ದೇವರೇ, ಇವತ್ತು ಯಾರ ಕಾಲೂ ಜಾರದೇ ಇರ್ಲಿ." ಅಷ್ಟೇ. ಆಮೇಲೆ ಸೀಮೆಸುಣ್ಣದ ಪುಡಿಯ ಡಬ್ಬಿ, ಗ್ರೀಸ್ ಬಟ್ಟೆ, ಸ್ಪ್ಯಾನರುಗಳನ್ನು ಬೆಂಚಿನ ಮೇಲೆ ಜೋಡಿಸಿ, ಕಿವಿಯನ್ನು ಬೀದಿಗೆ ಕೊಟ್ಟು ಕೂರುತ್ತಾರೆ.

ಇಂದು ಅವರು ಒಂದು ಸದ್ದಿಗಾಗಿ ಕಾದಿದ್ದಾರೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಕಳೆದ ವಾರ ಇಲ್ಲಿಂದ ಒಂದು ಜೊತೆ ಪೆಡಲು ಎರವಲು ಒಯ್ದಿದ್ದಾಳೆ. ವಾಯಿದೆ ಇವತ್ತಿಗೆ ಮುಗಿಯುತ್ತದೆ. ಅವಳು ಸೈಕಲ್ ತುಳಿದುಕೊಂಡು ಬರುತ್ತಾಳೋ, ನಡೆದು ಬರುತ್ತಾಳೋ? ಪೆಡಲು ತಡವಾಗಿ ಬಂದರೂ ಚಿಂತೆಯಿಲ್ಲ, ಈ ಪ್ರಶ್ನೆಗೆ ಉತ್ತರ ಬೇಕು.

ಸುತ್ತಮುತ್ತಲಿನವರ ಬಾಯಲ್ಲಿ ಇವರು 'ಪೆಡಲಕ್ಕ'. ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು ಎಲ್ಲ ಅಂಗಡಿಯಲ್ಲೂ ಇದ್ದದ್ದೇ. ಮನೆಯಿಂದ ಹಾಕಿಕೊಂಡು ಹೊರಟ ಚಪ್ಪಲಿಯಲ್ಲೇ, ಬೂಟಿನಲ್ಲೇ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರ ಪಾದಕ್ಕೆ ಹೊಂದುವ ಪೆಡಲನ್ನು ಆರಿಸಿಕೊಡುವುದು ಮಾತ್ರ ಇವರ ಕೈಗುಣ.

"ನಮ್ಮಪ್ಪ ಚಪ್ಪಲಿ ಹೊಲೀತಿದ್ರು. ಅಂಗಾಲು ಓದೋದನ್ನ ಅವರು ಕಲಿಸಿದ್ರು, ಸೈಕಲ್ ಕೆಲಸ ನಮ್ಮ ಯಜಮಾನ್ರು ಕಲಿಸಿದ್ರು," ಎನ್ನುತ್ತಾರೆ. "ತೌರಿನ ವಿದ್ಯೆಗೂ ಗಂಡನ ಮನೆ ವಿದ್ಯೆಗೂ ಮದುವೆ ಮಾಡ್ಸಿದೀನಿ ಅಷ್ಟೇ."

ಗೋಡೆಯ ಪಕ್ಕದ ಕುರ್ಚಿಯಿಂದ ಯಜಮಾನರ ದನಿ ಬರುತ್ತದೆ. "ಆ ಮದುವೇಲಿ ಉಪವಾಸ ಬಿದ್ದೋನು ನಾನೊಬ್ಬನೇ." ಮಂಡಿಯ ಆಪರೇಷನ್ ಆದಮೇಲೆ ಅವರ ಕೆಲಸ ಕುಳಿತಲ್ಲೇ ಟ್ಯೂಬು ಒರೆಸುವುದು, ಹೆಂಡತಿಯನ್ನು ಕೆಣಕುವುದು.

ಮೊದಮೊದಲು ಬಂದವರೆಲ್ಲ ಅಕ್ಕನ ತಲೆಯ ಮೇಲಿಂದ ಒಳಗೆ ಇಣುಕಿ "ಯಜಮಾನ್ರು ಇಲ್ವಾ?" ಎನ್ನುತ್ತಿದ್ದರಂತೆ. ಹೆಂಗಸಿನ ಕೈಗೆ ಸೈಕಲ್ ಒಪ್ಪಿಸಲು ಹಿಂಜರಿಕೆ. ಯಜಮಾನರು ಹೊರಗೆ ಬಂದು "ನನಗೆ ಬರಲ್ಲ, ಅವಳಿಗೇ ಕೊಡಿ" ಎಂದು ಸುಳ್ಳು ಹೇಳುತ್ತಿದ್ದರು. ಆ ಸುಳ್ಳನ್ನು ಪೆಡಲಕ್ಕ ಈಗಲೂ ನೆನೆಯುತ್ತಾರೆ. "ಅದೊಂದು ಮಾತು ಹೇಳಿದ್ದಕ್ಕೆ ಇವರ ಬೇರೆ ಮಾತೆಲ್ಲ ಹೊಟ್ಟೆಗೆ ಹಾಕ್ಕೋತೀನಿ."

ಇಲ್ಲಿ ಪೆಡಲಿಗೆ ಬಂದವರು ಮಾಡುವ ತಪ್ಪು ಒಂದೇ. ನಾಲ್ಕು ಜನರೆದುರು ಕಾಲೆತ್ತಿ ತೋರಿಸಬೇಕಲ್ಲ ಎಂದು ಇದ್ದುದರಲ್ಲಿ ಹೊಸ ಜೋಡು ಮೆಟ್ಟಿಕೊಂಡು ಬರುತ್ತಾರೆ. ಮೊನ್ನೆ ಅಂಚೆಯಣ್ಣ ಪಾಲಿಶ್ ಹೊಡೆದ ಬೂಟಿನಲ್ಲಿ ಬಂದು ನಿಂತಾಗ ಅಕ್ಕ ಮೇಲಿಂದ ಕೆಳಗೆ ನೋಡಿ, "ಫೋಟೋ ತೆಗೆಸೋಕೆ ಬಂದ್ಯೇನಣ್ಣ? ಹೋಗು, ದಿನಾ ಸವೆಸೋದನ್ನ ಹಾಕ್ಕೊಂಡ್ ಬಾ" ಎಂದು ಸಾಗಹಾಕಿದರು. ಸವೆದ ಅಟ್ಟೆ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಅಟ್ಟೆ ನೋಡಿದ ಮೇಲೆ ಪೆಡಲಿಗೆ ಸೀಮೆಸುಣ್ಣದ ಪುಡಿ ಬಳಿದು, "ಓಣಿ ಕೊನೇತನಕ ಒಂದು ಸುತ್ತು ಹೋಗಿ ಬಾ" ಎನ್ನುತ್ತಾರೆ. ಬಂದವರು ಕಾಲೆತ್ತಿದರೆ ಅಟ್ಟೆಯ ಮೇಲೆ ಬಿಳಿ ಗುರುತು. ಹೆಬ್ಬೆರಳ ಬುಡದ ದಪ್ಪ ಭಾಗದಲ್ಲಿ ಗುರುತು ಅಗಲವಾಗಿ ಕೂತಿದ್ದರೆ ಪಾದ ನೆಮ್ಮದಿಯಾಗಿದೆ ಎಂದರ್ಥ. ಅಂಚಿನಲ್ಲಿ ಗೀರು ಮಾತ್ರ ಇದ್ದರೆ ಪೆಡಲು ಕಿರಿದು, ಇಲ್ಲವೇ ಕಾಲು ಜಾರುತ್ತಿದೆ.

"ತೆಳು ಚಪ್ಪಲಿಗೆ ಕಿರಿದಾದ ಪೆಡಲು ಹಾಕಿದ್ರೆ ಕಂಬಿ ಮೇಲೆ ನಿಂತ ಹಾಗೆ, ಅಂಗಾಲು ನೋಯುತ್ತೆ. ಅದಕ್ಕೆ ಅಗಲವಾಗಿ ಸಪಾಟಾಗಿರೋದು, ಮೇಲೆ ರಬ್ಬರ್ ಇರೋದು ಬೇಕು. ನುಣುಪು ಅಟ್ಟೆಯ ಬೂಟಿಗೆ ಸ್ವಲ್ಪ ತರಿತರಿ ಇರ್ಬೇಕು. ಅಗಲ ಅಂತ ತಟ್ಟೆ ಥರದ್ದು ಹಾಕಿದ್ರೆ ತಿರುವಲ್ಲಿ ನೆಲಕ್ಕೆ ತಾಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ? ನಮ್ಮಲ್ಲಿ ಕಾಲಿದ್ದಷ್ಟು ಹಾಸಿಗೆ."

ಇಷ್ಟಾದರೂ ಮೊದಲ ದಿನ ಅವರು ಪೆಡಲು ಮಾರುವುದಿಲ್ಲ. ಎರವಲು ಕೊಟ್ಟು, ಒಂದು ವಾರ ತುಳಿದು ಬನ್ನಿ ಎನ್ನುತ್ತಾರೆ. ಚಪ್ಪಲಿ ಕಚ್ಚುವುದು ಹಾಕಿಕೊಂಡವರಿಗೇ ಗೊತ್ತು, ಪೆಡಲಿನ ಕಥೆಯೂ ಹಾಗೆಯೇ.

ಕಳೆದ ವಾರ ಆಸ್ಪತ್ರೆಯ ಹೆಣ್ಣುಮಗಳು ಬಂದಾಗ ಅವಳ ಮೊಣಕಾಲ ಕೆಳಗೆ ಉದ್ದಕ್ಕೂ ಗಾಯದ ಕಲೆ ಇತ್ತು. ಹಿಂದೊಮ್ಮೆ ಒದ್ದೆ ರಸ್ತೆಯಲ್ಲಿ ಕಾಲು ಜಾರಿತ್ತು, ಸುತ್ತಿ ಬಂದ ಪೆಡಲು ಎಲುಬಿಗೇ ಬಡಿದಿತ್ತು. ಜಾರದಿರಲೆಂದು ಯಾರದೋ ಮಾತು ಕೇಳಿ ಚೂಪು ಮೊಳೆಗಳಿದ್ದ ಪೆಡಲು ಹಾಕಿಸಿದಳು. ಅದು ಚಪ್ಪಲಿಯನ್ನೂ ತಿಂದಿತು, ಇನ್ನೊಮ್ಮೆ ಚರ್ಮವನ್ನೂ ಕಿತ್ತಿತು. ಅಂದಿನಿಂದ ಸೈಕಲ್ ಗೋಡೆಗೆ ಒರಗಿತು. ರೋಗಿಗಳ ಬೆಳಗಿನ ಹಾಲು ಕಾಯಿಸುವುದು ಅವಳ ಪಾಳಿ, ಮೊದಲ ಬಸ್ಸು ಬರುವುದು ಆ ಹೊತ್ತು ಮೀರಿದ ಮೇಲೆ. ನಡೆದು ಹೋದರೆ ತಡ. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

"ಅವಳ ಅಟ್ಟೆ ನೋಡ್ದೆ. ಸುಣ್ಣ ಅಂಚಲ್ಲಿ ಒಂದು ಎಳೆಯಷ್ಟೇ ಇತ್ತು," ಪೆಡಲಕ್ಕ ನೆನೆಯುತ್ತಾರೆ. "ಕಾಲು ಇಟ್ಟೇ ಇಲ್ಲ, ಹಿಂದಕ್ಕೆ ಎಳ್ಕೊಂಡಿದೆ. ಪಾದ ಹೆದರಿತ್ತು ಪಾಪ. ಎಲ್ಲರೂ ಓಡಿಹೋಗೋವಾಗ ಕಾಲಿಗೆ ಬುದ್ಧಿ ಹೇಳ್ತಾರೆ. ನಾನು ನಿಲ್ಲೋದಕ್ಕೆ ಹೇಳ್ಬೇಕಿತ್ತು."

ಅವಳ ಅಗಲ ಪಾದಕ್ಕೂ ತೆಳು ಚಪ್ಪಲಿಗೂ ಹೊಂದುವ ಜೊತೆ ಅಂಗಡಿಯ ಎರವಲು ಡಬ್ಬಿಯಲ್ಲಿ ಇರಲಿಲ್ಲ. ಇದ್ದದ್ದು ಒಂದೇ ಕಡೆ: ಮೊಳೆಗೆ ನೇತುಹಾಕಿದ್ದ ಯಜಮಾನರ ಸೈಕಲ್ಲಿನಲ್ಲಿ. ಅಕ್ಕ ಕೇಳಲಿಲ್ಲ, ಸ್ಪ್ಯಾನರ್ ಎತ್ತಿಕೊಂಡರು.

"ನನ್ನ ಕಾಲನ್ನೇ ಬಿಚ್ಚಿ ದಾನ ಮಾಡ್ಬಿಟ್ಲು ನೋಡಿ," ಎನ್ನುತ್ತಾರೆ ಯಜಮಾನರು.

"ವಾರದ ಮಟ್ಟಿಗೆ ಕಣ್ರೀ. ದಾನ ಅಲ್ಲ, ಎರವಲು."

ಬಿಚ್ಚುವುದನ್ನೂ ಹಾಕುವುದನ್ನೂ ಅವಳಿಗೇ ಕಲಿಸಿ, ಸ್ಪ್ಯಾನರನ್ನೂ ಕೊಟ್ಟು ಕಳಿಸಿದರು. ಎಡಗಡೆಯ ಪೆಡಲಿನ ತಿರುಪಿನ ಸುತ್ತು ಉಲ್ಟಾ. ಗೊತ್ತಿಲ್ಲದವರು ಬಿಚ್ಚಲು ಹೋಗಿ ಬಿಗಿ ಮಾಡುತ್ತಾರೆ. ಅದಕ್ಕೆ ಅಕ್ಕನ ಸೂತ್ರ ಒಂದೇ ಸಾಲಿನದು: "ಯಾವ ಕಡೆ ಆದ್ರೂ ಸರಿ, ಸ್ಪ್ಯಾನರ್ ಮೇಲ್ಗಡೆಯಿಂದ ಮುಂದಿನ ಚಕ್ರದ ಕಡೆ ತಿರುಗಿಸಿದ್ರೆ ಬಿಗಿ, ಹಿಂದಿನ ಚಕ್ರದ ಕಡೆ ತಿರುಗಿಸಿದ್ರೆ ಸಡಿಲ. ಹೊಂದಿತು ಅನ್ಸಿದ್ರೆ ಇದೇ ಅಗಲದ್ದು ಎಲ್ಲಾದ್ರೂ ತಗೋ ತಾಯಿ, ನನ್ನ ಹತ್ರಾನೇ ಅಂತೇನಿಲ್ಲ."

ನಿಮಗೇನು ಆಸೆ ಎಂದು ಕೇಳಿದರೆ ಪೆಡಲಕ್ಕ ಗೋಡೆಯ ಮೇಲಿನ ಕಾಲಿಲ್ಲದ ಸೈಕಲ್ಲನ್ನು ನೋಡುತ್ತಾರೆ. "ಡಾಕ್ಟ್ರು ನಿಧಾನಕ್ಕೆ ತುಳೀಬಹುದು ಅಂದಿದ್ದಾರೆ. ಇವರ ಜೊತೆ ಕೆರೆ ತನಕ ಒಂದ್ಸಲ, ಅಕ್ಕಪಕ್ಕ. ಮಾತಾಡದೇ ಬಂದ್ರೆ ಇನ್ನೂ ಒಳ್ಳೇದು."

ಹೊರಗೆ ಮಂಜಿನಲ್ಲಿ ಒಂದು ಸದ್ದು. ಅರ್ಧ ಮುರಿದ ಬೆಲ್ಲಿನ 'ಟಿಕ್'. ಪೆಡಲಕ್ಕ ಎದ್ದು ನಿಲ್ಲುತ್ತಾರೆ. ಮೊದಲು ಮುಂದಿನ ಚಕ್ರ, ಆಮೇಲೆ ಸೀಟಿನ ಮೇಲೆ ಕುಳಿತ ಆಸ್ಪತ್ರೆಯ ಹೆಣ್ಣುಮಗಳು. ಸೈಕಲ್ಲಿಗೆ ಹೊಸ ಪೆಡಲು, ಅಷ್ಟೇ ಅಗಲದ್ದು, ರಬ್ಬರಿನದು.

"ಹಾಲು ಕಾಯ್ಸೋ ಹೊತ್ತಾಯ್ತು ಅಕ್ಕ, ನಿಲ್ಲಲ್ಲ," ಎನ್ನುತ್ತಲೇ ಇಳಿಯುತ್ತಾಳೆ. "ಈ ವಾರ ಒಂದು ದಿನಾನೂ ತಡ ಆಗ್ಲಿಲ್ಲ."

"ಎಲ್ಲಿ, ಕಾಲೆತ್ತು." ಅಕ್ಕ ಬಾಗಿ ಚಪ್ಪಲಿಯ ಅಟ್ಟೆ ನೋಡುತ್ತಾರೆ. ಸುಣ್ಣ ಬಳಿಯುವ ಅಗತ್ಯವೇ ಇಲ್ಲ. ರಬ್ಬರಿನ ಗೆರೆಗಳು ಹೆಬ್ಬೆರಳ ಬುಡದಲ್ಲಿ ತುಂಬಿಕೊಂಡು ಅಚ್ಚೊತ್ತಿವೆ. ಅಕ್ಕ ಆ ಪಾದವನ್ನು ಅಂಗೈಯಿಂದ ಒಮ್ಮೆ ತಟ್ಟಿ ಕೆಳಗಿಡುತ್ತಾರೆ.

ಹೆಣ್ಣುಮಗಳು ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟು, ಒರೆಸಿ ಹೊಳಪೇರಿಸಿದ ಎರವಲು ಜೊತೆಯನ್ನು ಚೀಲದಿಂದ ತೆಗೆಯುತ್ತಾಳೆ. ಅಕ್ಕನ ಕೈಗೆ ಕೊಡುವುದಿಲ್ಲ. ಕುರ್ಚಿಯ ಬಳಿ ಹೋಗಿ, "ತಗೊಳ್ಳಿ ಭಾವ," ಎಂದು ಮೆಲ್ಲಗೆ ಹೇಳಿ, ಎಡದ ಪೆಡಲನ್ನು ಯಜಮಾನರ ಎಡಗೈಗೂ ಬಲದ್ದನ್ನು ಬಲಗೈಗೂ ಇಡುತ್ತಾಳೆ.